ಎರಡು ಸಾಲು ದಾರದ ಹಗುರ ರೆಕ್ಕೆ

ಚೈತ್ರ ವೈಶಾಖಗಳ ಹಗಲು ಹತ್ತು ಗಂಟೆ ಕಳೆಯುವ ಹೊತ್ತಿಗೆ ಚೆನ್ನೈಯ ಪುರಸೈವಾಕ್ಕಂ ಹೈರೋಡಿನ ಇಕ್ಕೆಲಗಳ ಜವಳಿ ಅಂಗಡಿಗಳ ತಾರಸಿಗಳೂ, ಗಂಗಾಧರೇಶ್ವರ ದೇವಾಲಯದ ಸುತ್ತಣ ಒಳಬೀದಿಗಳ ಮಾಳಿಗೆಗಳೂ ಕಾದು, ತಮ್ಮ ಮೇಲಣ ಗಾಳಿಯನ್ನು ಕಾಯಿಸಿ ಮೇಲಕ್ಕೆ ಕಳುಹತೊಡಗುತ್ತವೆ. ಆ ಏರುಗಾಳಿಯನ್ನು ಆಶ್ರಯಿಸಿ ಊರ ಹದ್ದುಗಳು ರೆಕ್ಕೆಯನ್ನು ಒಮ್ಮೆಯೂ ಬಡಿಯದೆ, ಬಾಲವನ್ನು ಮಾತ್ರ ಅತ್ತಿತ್ತ ಹೊರಳಿಸುತ್ತ, ಸುತ್ತು ಸುತ್ತಾಗಿ ಏರಿ ಚುಕ್ಕಿಗಳಾಗುತ್ತವೆ. ಹೀಗೆ ಏರಿದ ಎತ್ತರವನ್ನು ಬಂಡವಾಳವಾಗಿಟ್ಟುಕೊಂಡು ಅವು ಬೇಕಾದ ದಿಕ್ಕಿಗೆ ಜಾರುತ್ತ ಸಾಗಿ, ಮತ್ತೊಂದು ಕಾದ ನೆಲದ ಮೇಲೆ ಮತ್ತೆ ಏರುತ್ತವೆ. ಎಂಜಿನ್ನಿಲ್ಲದ ಬಟ್ಟೆಯ ರೆಕ್ಕೆಯೊಂದರ ಕೆಳಗೆ ಕುಳಿತು ಒಂದು ಹಗಲಿನಲ್ಲಿ ನೂರಾರು ಕಿಲೋಮೀಟರ್ ಕ್ರಮಿಸುವ ಪ್ಯಾರಾಗ್ಲೈಡರ್ ಪೈಲಟನ ವಿದ್ಯೆಯೂ ಇದೇ. ಏರುವುದು, ಜಾರುವುದು, ಮತ್ತೆ ಏರುವುದು. ಇದರಲ್ಲಿ ಏರುವ ಭಾಗ ಪ್ರಕೃತಿಯ ಕೊಡುಗೆ, ಜಾರುವ ಭಾಗ ರೆಕ್ಕೆಯ ಗುಣ. ಆ ಜಾರುವ ಗುಣವನ್ನು ಹೆಚ್ಚಿಸುವ ಸಲುವಾಗಿ ಕಳೆದ ಒಂದೂವರೆ ದಶಕದಲ್ಲಿ ರೂಪುಗೊಂಡುದೇ ಎರಡು ಸಾಲು ದಾರದ ರೆಕ್ಕೆ. ಅದನ್ನೇ ತೆಳುಬಟ್ಟೆಯಿಂದ ಹೊಲಿದು ಬೆನ್ನಿಗೆ ಹೊರೆಯಾಗದಂತೆ ಮಾಡಿದುದು ಅದರ ಹಗುರ ರೂಪ. ಈ ರೆಕ್ಕೆ ಯಾರಿಗೆ ಸಲ್ಲತಕ್ಕದ್ದು, ನಮ್ಮ ದಕ್ಷಿಣದ ಬಿಸಿಲಿಗೂ ನೆಲಕ್ಕೂ ಎಷ್ಟರಮಟ್ಟಿಗೆ ಒಗ್ಗತಕ್ಕದ್ದು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಬಟ್ಟೆಗೂ ಆಕಾಶಕ್ಕೂ ಇರುವ ನಂಟು ನಮಗೆ ಹೊಸದಲ್ಲ. ಪುರಸೈವಾಕ್ಕಂಗೆ ಮಗ್ಗುಲಾದ ಪೆರಂಬೂರಿನಲ್ಲಿ 1876ರಲ್ಲಿ ಬಕಿಂಗ್‌ಹ್ಯಾಂ ಗಿರಣಿಯೂ 1881ರಲ್ಲಿ ಕರ್ನಾಟಿಕ್ ಗಿರಣಿಯೂ ಸ್ಥಾಪಿತವಾಗಿ, 1920ರಲ್ಲಿ ಅವೆರಡೂ ಒಂದಾಗಿ, ಬಿನ್ನಿ ಕಂಪನಿಯ ಆಡಳಿತದಲ್ಲಿ ಸೈನಿಕರ ಖಾಕಿಯನ್ನು ನೇಯ್ದು ದೇಶಾಂತರಗಳಿಗೆ ಕಳುಹಿದ ಸಂಗತಿಯನ್ನು, ಅದೇ ಬಿನ್ನಿಯ ಹೆಸರಿನ ಗಿರಣಿಯನ್ನು ಬೆಂಗಳೂರಿನಲ್ಲಿ ಕಂಡಿರುವ ಕನ್ನಡಿಗರಿಗೆ ನೆನಪಿಸಬೇಕಾದುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ರೇಷ್ಮೆ ಬರುವುದು ನಿಂತುಹೋದಾಗ ಮೈಸೂರು ಸಂಸ್ಥಾನದ ರೇಷ್ಮೆಗೂ, ಆಗಿನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದ ಕೊಳ್ಳೇಗಾಲದ ರೇಷ್ಮೆಗೂ ಪ್ಯಾರಾಚೂಟಿನ ಸಲುವಾಗಿ ಬೇಡಿಕೆ ಒದಗಿತು. ನಮ್ಮ ರೈತನ ಹಿಪ್ಪುನೇರಳೆ ತೋಟದಲ್ಲಿ ಹುಟ್ಟಿದ ಎಳೆಯೊಂದು ಕಾಣದ ದೇಶದ ಆಕಾಶದಲ್ಲಿ ಮನುಷ್ಯಜೀವವನ್ನು ಹಿಡಿದಿಟ್ಟಿತೆಂಬ ಈ ಸಂಗತಿ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಇನ್ನಷ್ಟು ವಿಸ್ತಾರವಾದ ಸ್ಥಾನಕ್ಕೆ ಅರ್ಹವಾದುದೆಂದು ನನ್ನ ಭಾವನೆ. ಇನ್ನು ಮದರಾಸು ನಗರವಾದರೋ 1910ರಷ್ಟು ಹಿಂದೆಯೇ, ಇಲ್ಲಿಯ ಹೋಟೆಲ್ ಮಾಲೀಕ ಜಾಕೊಮೊ ಡಾಂಜೆಲಿಸ್ ಎಂಬಾತನು ಸಿಂಪ್ಸನ್ ಕಾರ್ಖಾನೆಯಲ್ಲಿ ಕಟ್ಟಿಸಿದ ತನ್ನದೇ ವಿನ್ಯಾಸದ ವಿಮಾನ ನೆಲಬಿಟ್ಟೆದ್ದುದನ್ನು ಕಂಡ ನಗರ.

ಆದರೆ ಅಂದಿನ ಪ್ಯಾರಾಚೂಟು ಬೀಳುವವನನ್ನು ನಿಧಾನವಾಗಿ ಇಳಿಸುವ ಸಾಧನವೇ ಹೊರತು ಹಾರುವ ಸಾಧನವಲ್ಲ. 1960ರ ದಶಕದ ನಡುವಿನಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್, ಮುಂದಣ ಬಾಯಿಯಿಂದ ಗಾಳಿಯನ್ನು ತುಂಬಿಕೊಂಡು ತಾನೇ ಉಬ್ಬಿ ವಿಮಾನದ ರೆಕ್ಕೆಯ ಆಕಾರ ತಾಳುವ, ಕೋಶಕೋಶಗಳಾಗಿ ಹೊಲಿದ ಎರಡು ಪದರಿನ ಬಟ್ಟೆಯ ರೆಕ್ಕೆಯನ್ನು ಕಂಡುಹಿಡಿದನು. ಸುಮಾರು ಅದೇ ಕಾಲದಲ್ಲಿ ಡೇವಿಡ್ ಬ್ಯಾರಿಷ್ ಬಟ್ಟೆಯ ರೆಕ್ಕೆಯೊಂದಿಗೆ ಬೆಟ್ಟದ ಇಳಿಜಾರಿನಲ್ಲಿ ಜಾರಿ ಹಾರುವ ಪ್ರಯೋಗಗಳನ್ನು ಮಾಡಿದನು. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಆಲ್ಪ್ಸ್ ಹಳ್ಳಿಯಲ್ಲಿ ಮೂವರು ಪ್ಯಾರಾಚೂಟ್ ಅಭ್ಯಾಸಿಗಳು, ವಿಮಾನಕ್ಕೆ ತೆರಬೇಕಾದ ಹಣವನ್ನು ಉಳಿಸುವುದಕ್ಕಾಗಿ, ಬೆಟ್ಟದ ಮೇಲಿನಿಂದ ಓಡಿ ಹಾರಿದುದರಿಂದ ಈ ಕ್ರೀಡೆಗೆ ಇಂದಿನ ರೂಪ ಬಂದಿತು. ಒಂದು ಮೀಟರ್ ಇಳಿಯುವುದರೊಳಗೆ ಮೂರು ಮೀಟರಿನಷ್ಟು ಮುಂದೆ ಸಾಗುತ್ತಿದ್ದ ಆ ರೆಕ್ಕೆಗಳಿಂದ, ಹತ್ತು ಹನ್ನೊಂದು ಮೀಟರ್ ಸಾಗುವ ಇಂದಿನ ರೆಕ್ಕೆಗಳವರೆಗಿನ ದಾರಿ ಬಹುಮಟ್ಟಿಗೆ ಎರಡು ಚಿಂತನೆಗಳ ದಾರಿ: ರೆಕ್ಕೆಯನ್ನು ಉದ್ದವಾಗಿ ಕಿರಿದಾಗಿ ಮಾಡುವುದು ಒಂದು, ಗಾಳಿಗೆ ಅಡ್ಡಬರುವುದೆಲ್ಲವನ್ನೂ ಕಳೆಯುವುದು ಮತ್ತೊಂದು.

ಎರಡನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ವಿಷಯದ ಬೇರು ಅಲ್ಲಿಯೇ ಇದೆ. ಪ್ಯಾರಾಗ್ಲೈಡರಿಗೆ ಎಲುಬಿಲ್ಲ. ಪೈಲಟನ ಭಾರವನ್ನು ರೆಕ್ಕೆಯ ಉದ್ದಗಲಕ್ಕೂ ಹಂಚಿ, ಬಟ್ಟೆಯ ಆಕಾರ ಕೆಡದಂತೆ ಹಿಡಿದಿಡುವುದು ಕೆಳಗಿನಿಂದ ಕವಲೊಡೆಯುತ್ತ ಏರುವ ದಾರಗಳ ಕೆಲಸ. ಮುಂದಂಚಿನ ಸಮೀಪದ ಸಾಲಿಗೆ ‘ಎ’ ಎಂದೂ, ಅದರ ಹಿಂದಿನವಕ್ಕೆ ಕ್ರಮವಾಗಿ ‘ಬಿ’, ‘ಸಿ’, ‘ಡಿ’ ಎಂದೂ ಹೆಸರು. ಮೊದಮೊದಲಿನ ರೆಕ್ಕೆಗಳಲ್ಲಿ ನಾಲ್ಕು ಸಾಲುಗಳು ಸಾಮಾನ್ಯವಾಗಿದ್ದುವು, ಆಮೇಲೆ ಮೂರಾದುವು. ದಾರ ಎಷ್ಟು ತೆಳುವಾದರೂ ಗಾಳಿಗೆ ಅಡ್ಡವೇ. ಒಂದು ಮಿಲಿಮೀಟರ್ ದಪ್ಪದ ಮುನ್ನೂರು ಮೀಟರ್ ದಾರವನ್ನು ಒತ್ತೊತ್ತಾಗಿ ಜೋಡಿಸಿ ಕಲ್ಪಿಸಿಕೊಂಡರೆ ಅದರ ವಿಸ್ತೀರ್ಣ ಒಂದು ಚದರ ಮೀಟರಿನ ಹತ್ತರಲ್ಲಿ ಮೂರು ಪಾಲು, ಎಂದರೆ ಸಣ್ಣ ಕಿಟಕಿಯ ಬಾಗಿಲೊಂದನ್ನು ಗಾಳಿಗೆ ಅಡ್ಡ ಹಿಡಿದು ಹಾರಿದಂತೆ. ಅದರ ಮೇಲೆ, ದಾರದಂತಹ ದುಂಡು ವಸ್ತು ಗಾಳಿಯನ್ನು ಸೀಳುವುದರಲ್ಲಿ ಅತ್ಯಂತ ಅಯೋಗ್ಯವಾದ ಆಕಾರ; ತನ್ನ ಗಾತ್ರಕ್ಕೆ ಸಲ್ಲಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಎಳೆತವನ್ನು ಅದು ಹುಟ್ಟಿಸುತ್ತದೆ. ಈ ಎಳೆತ ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ, ನಿಧಾನವಾಗಿ ತೇಲುವವನಿಗೆ ಅಷ್ಟಾಗಿ ಬಾಧಿಸದ ದಾರಗಳು ವೇಗವಾಗಿ ಹೋಗಬಯಸುವವನನ್ನು ಹಿಂದಕ್ಕೆ ಜಗ್ಗುತ್ತವೆ.

ವೇಗದ ಅವಶ್ಯಕತೆಯೇನೆಂದು ಕೇಳಬಹುದು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ರೆಕ್ಕೆ ಇಪ್ಪತ್ತು ಕಿಲೋಮೀಟರಿನ ಎದುರುಗಾಳಿಗೆ ಸಿಕ್ಕಿದರೆ ನೆಲದ ಮೇಲೆ ಅದು ಸಾಗುವುದು ಗಂಟೆಗೆ ಇಪ್ಪತ್ತೇ; ಐವತ್ತೈದರ ವೇಗದಲ್ಲಿ ಜಾರಬಲ್ಲುದು ಮೂವತ್ತೈದು ಸಾಗುತ್ತದೆ, ಎಂದರೆ ಹೆಚ್ಚುಕಡಿಮೆ ಇಮ್ಮಡಿ. ಬಿಸಿಲಿನ ಹೊತ್ತು ಅಳತೆಯದು. ಬೆಳಗಿನಿಂದ ಸಂಜೆಯವರೆಗಿನ ಏಳೆಂಟು ಗಂಟೆಗಳಲ್ಲಿ ಏರುಗಾಳಿಯಿಂದ ಏರುಗಾಳಿಗೆ ಎಷ್ಟು ಬೇಗ ದಾಟುತ್ತಾನೆಂಬುದರ ಮೇಲೆಯೇ ದೂರಪಯಣದ ಪೈಲಟನ ದಿನ ನಿಲ್ಲುವುದು. ಸಾವಿರ ಮೀಟರ್ ಎತ್ತರದಿಂದ ಹೊರಟವನಿಗೆ ಒಂಬತ್ತರ ಜಾರುಪ್ರಮಾಣ ಒಂಬತ್ತು ಕಿಲೋಮೀಟರನ್ನೂ ಹನ್ನೊಂದರ ಪ್ರಮಾಣ ಹನ್ನೊಂದನ್ನೂ ಕೊಡುತ್ತದೆ; ಆ ಎರಡು ಕಿಲೋಮೀಟರಿನೊಳಗೆ ಮುಂದಿನ ಏರುಗಾಳಿ ಇದ್ದರೆ ಪಯಣ ಮುಂದುವರಿಯುತ್ತದೆ, ಇಲ್ಲದಿದ್ದರೆ ಯಾವುದೋ ಹೊಲದಲ್ಲಿ ಮುಗಿಯುತ್ತದೆ.

ಸಾಲುಗಳನ್ನು ಮೂರರಿಂದ ಎರಡಕ್ಕೆ ಇಳಿಸುವ ಸಾಹಸ 2009ರಲ್ಲಿ ಫ್ರಾನ್ಸಿನ ಒಜೋನ್ ಸಂಸ್ಥೆಯ ವಿನ್ಯಾಸಕರಿಂದ, ಮುಖ್ಯವಾಗಿ ಲುಕ್ ಆರ್ಮಾನ್ ಮತ್ತು ಅವನ ಜೊತೆಗಾರರಿಂದ, ಪ್ರಾಯೋಗಿಕ ರೆಕ್ಕೆಯೊಂದರ ಮೂಲಕ ಲೋಕದ ಕಣ್ಣಿಗೆ ಬಿದ್ದಿತು. ಹಿಂಬದಿಯ ಸಾಲು ಇಲ್ಲವಾದರೆ ರೆಕ್ಕೆಯ ಹಿಂಭಾಗವನ್ನು ಹಿಡಿಯುವವರಾರು? ಬಟ್ಟೆಯೊಳಗೆ ಉದ್ದುದ್ದವಾಗಿ ಹೊಲಿದ ತೆಳುವಾದ ಪ್ಲಾಸ್ಟಿಕ್ ಅಥವಾ ಲೋಹಮಿಶ್ರಣದ ಕಡ್ಡಿಗಳು ಆ ಕೆಲಸವನ್ನು ವಹಿಸಿಕೊಂಡುವು. ಎಲುಬಿಲ್ಲದ ರೆಕ್ಕೆಗೆ ಎಲುಬಿನ ಆಭಾಸ ಒದಗಿದುದು ಹೀಗೆ. ಸ್ವಲ್ಪ ಕಾಲದಲ್ಲಿಯೇ ಮುಂದಂಚನ್ನು ಶಾರ್ಕ್ ಮೀನಿನ ಮೂತಿಯಂತೆ ಒಳಕ್ಕೆ ತಗ್ಗಿಸುವ ಉಪಾಯವೂ ಸೇರಿ, ರೆಕ್ಕೆ ಗಾಳಿಗೆ ಒಡ್ಡುವ ಕೋನ ಬದಲಾದರೂ ಒಳಗಿನ ಒತ್ತಡ ಕುಗ್ಗದಂತಾಯಿತು. ಒಟ್ಟು ದಾರದ ಉದ್ದ ಇನ್ನೂರು ಮೀಟರಿನ ಆಸುಪಾಸಿಗೆ ಇಳಿಯಿತು. ಆ ದಾರವೂ ಮೇಲುಹೊದಿಕೆಯಿಲ್ಲದ ಬರಿ ಅರಾಮಿಡ್ ಅಥವಾ ಡೈನೀಮಾ ಎಂಬ ಕೃತಕ ನಾರಿನ ಎಳೆ. ಸ್ಪರ್ಧೆಗಳಲ್ಲಿ ಮೂರು ಸಾಲಿನ ರೆಕ್ಕೆಗಳು ಒಂದೆರಡು ವರ್ಷಗಳಲ್ಲಿಯೇ ಹಳೆಯ ಮಾತಾದುವು.

ಈ ವೇಗಕ್ಕೆ ತೆತ್ತ ಬೆಲೆಯನ್ನು ಮರೆಮಾಚುವುದು ಅನ್ಯಾಯ. 2011ರಲ್ಲಿ ಸ್ಪೇನಿನ ಪಿಯೆದ್ರಾಯಿತಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಇಬ್ಬರು ಪೈಲಟರು ಪ್ರಾಣ ಕಳೆದುಕೊಂಡರು. ಸ್ಪರ್ಧೆಯನ್ನು ನಡುವೆಯೇ ನಿಲ್ಲಿಸಲಾಯಿತು. ಯಾವ ಪರೀಕ್ಷೆಗೂ ಒಳಪಡದ ಮುಕ್ತ ವರ್ಗದ ರೆಕ್ಕೆಗಳನ್ನು ಅಂತರರಾಷ್ಟ್ರೀಯ ವಾಯುಕ್ರೀಡಾ ಮಂಡಳಿ ದೊಡ್ಡ ಸ್ಪರ್ಧೆಗಳಿಂದ ಹೊರಗಿಟ್ಟಿತು. ಅದರ ಪರಿಣಾಮವಾಗಿ ತಯಾರಕರು ಎರಡು ಸಾಲಿನ ರೆಕ್ಕೆಯನ್ನು ಐರೋಪ್ಯ ಸುರಕ್ಷತಾ ಪರೀಕ್ಷೆಯ ‘ಎ’ಯಿಂದ ‘ಡಿ’ಯವರೆಗಿನ ದರ್ಜೆಗಳಲ್ಲಿ (ಇವು ದಾರದ ಸಾಲಿನ ಹೆಸರುಗಳಲ್ಲ) ಕೊನೆಯದಾದ ‘ಡಿ’ಯೊಳಕ್ಕೆ ತರುವ ಪ್ರಯತ್ನಕ್ಕೆ ತೊಡಗಿದರು. ಕೆಲವು ವರ್ಷಗಳ ಅನಂತರ ಸ್ಪರ್ಧೆಗಳಿಗಾಗಿಯೇ ಪ್ರತ್ಯೇಕ ವರ್ಗವೊಂದು ನಿಯಮಬದ್ಧವಾಗಿ ರೂಪುಗೊಂಡಿತು. ನನ್ನ ದೃಷ್ಟಿಯಲ್ಲಿ ಎರಡು ಸಾಲಿನ ವಿನ್ಯಾಸ ಸಾಮಾನ್ಯ ಪೈಲಟನತ್ತ ಹೊರಳಿದುದಕ್ಕೆ ಬೀಜವಾದುದು ಈ ದುರಂತವೇ. ಸ್ಪರ್ಧಾಳುವಿನ ಗುಟ್ಟಿನ ಸಾಧನವಾಗಿಯೇ ಉಳಿದುಬಿಡಬಹುದಾಗಿದ್ದ ವಿದ್ಯೆಯನ್ನು ಅದು ಪರೀಕ್ಷೆಯ ಬೆಳಕಿಗೆ ಎಳೆತಂದಿತು. ಒಜೋನ್ ಸಂಸ್ಥೆಯ ‘ಜೀನೋ’ದಂತಹ ‘ಡಿ’ ದರ್ಜೆಯ ರೆಕ್ಕೆಗಳು 2010ರ ದಶಕದ ಉತ್ತರಾರ್ಧದಲ್ಲಿ ದೂರಪಯಣದ ಪೈಲಟರಲ್ಲಿ ಮನೆಮಾತಾದುವು. ಮೂರು ನಾಲ್ಕು ವರ್ಷಗಳಲ್ಲಿ ‘ಜೀನೋ’ದ ಹಗುರ ರೂಪವಾದ ‘ಜಿಯೊಲೈಟ್’ ಬಂದಿತು. ಸ್ಪೇನಿನ ನಿವ್ಯುಕ್ ಸಂಸ್ಥೆಯ ‘ಕ್ಲೈಂಬರ್’ ಶ್ರೇಣಿಯೂ ಇದೇ ದಾರಿ ಹಿಡಿಯಿತು. 2020ರ ದಶಕದ ಮೊದಲ ವರ್ಷಗಳಲ್ಲಿ ‘ಆರ್ಟಿಕ್ ಆರ್’, ‘ಫೋಟಾನ್’ ಮುಂತಾದುವುಗಳಿಂದ ಎರಡು ಸಾಲಿನ ರೆಕ್ಕೆ ‘ಸಿ’ ದರ್ಜೆಗೂ ಇಳಿಯಿತು. ಬ್ರೆಜಿಲಿನ ಈಶಾನ್ಯ ಬಯಲಿನಲ್ಲಿಯೂ ಅಮೆರಿಕದ ಟೆಕ್ಸಾಸಿನಲ್ಲಿಯೂ ಒಂದೇ ದಿನದಲ್ಲಿ ಐನೂರು, ಆರುನೂರು ಕಿಲೋಮೀಟರ್ ದಾಟಿದ ದಾಖಲೆಗಳು ಬಹುಮಟ್ಟಿಗೆ ಎರಡು ಸಾಲಿನ ರೆಕ್ಕೆಗಳವು.

ಅಂಕಿಗಳಿಗಿಂತಲೂ ಗಾಢವಾದ ಬದಲಾವಣೆ ಪೈಲಟನ ಕೈಗಳಲ್ಲಿ ಆಗಿದೆ. ಮೂರು ಸಾಲಿನ ರೆಕ್ಕೆಯವನು ಕಾಲಿನಿಂದ ಸ್ಪೀಡ್ ಬಾರನ್ನು ಒತ್ತಿ ವೇಗವಾಗಿ ಜಾರುತ್ತಿರುವಾಗ ಅಲ್ಲೋಲಕಲ್ಲೋಲದ ಗಾಳಿಗೆ ಸಿಕ್ಕಿ ಬ್ರೇಕನ್ನು ಎಳೆದನೆನ್ನಿ. ಬ್ರೇಕು ರೆಕ್ಕೆಯ ಹಿಂದಂಚನ್ನು ಮಾತ್ರ ಕೆಳಕ್ಕೆ ಬಗ್ಗಿಸುವುದರಿಂದ ರೆಕ್ಕೆಯ ಆಕಾರ ಮುರಿದು, ಮುಂದಂಚು ಇನ್ನಷ್ಟು ದುರ್ಬಲವಾಗಿ ಮಡಚಿಕೊಳ್ಳುವ ಸಂಭವ ಹೆಚ್ಚುತ್ತದೆ. ಆದುದರಿಂದ ಅವನು ವೇಗವನ್ನು ಬಿಟ್ಟುಕೊಟ್ಟೇ ನಿಯಂತ್ರಣವನ್ನು ಪಡೆಯಬೇಕು. ಎರಡು ಸಾಲಿನ ರೆಕ್ಕೆಯಲ್ಲಾದರೋ ದಾರಗಳು ಕೆಳಗೆ ಬಂದು ಸೇರುವ ಹಿಂದಿನ ರೈಸರ್ ಪಟ್ಟಿಗಳಿಗೆ ಕಟ್ಟಿದ ಹಿಡಿಗಳನ್ನು ಎಳೆದೊಡನೆ ‘ಬಿ’ ಸಾಲು ಇಡೀ ರೆಕ್ಕೆಯ ಹಿಂಭಾಗವನ್ನು ಒಟ್ಟಿಗೆ ತಗ್ಗಿಸಿ, ಆಕಾರ ಕೆಡದಂತೆ ಗಾಳಿಗೆ ಒಡ್ಡುವ ಕೋನವನ್ನು ಹೆಚ್ಚಿಸುತ್ತದೆ. ಪೈಲಟನು ಕಾಲಿನ ವೇಗವನ್ನು ಬಿಡದೆಯೇ ಕೈಯಿಂದ ರೆಕ್ಕೆಯ ಮೂಗನ್ನು ಕಾಯಬಲ್ಲನು, ಬಲಕ್ಕೋ ಎಡಕ್ಕೋ ತಿರುಗಿಸಬಲ್ಲನು. ಗಾಳಿಯ ಪ್ರತಿಯೊಂದು ಮಿಡಿತವೂ ಆ ಪಟ್ಟಿಗಳ ಮೂಲಕ ಬೆರಳಿಗೆ ಬರುತ್ತದೆ. ಈ ವಿಷಯದಲ್ಲಿ ಎರಡು ಸಾಲಿನ ರೆಕ್ಕೆ ಮೂರು ಸಾಲಿನದಕ್ಕಿಂತ ಸುರಕ್ಷಿತವೆಂದು ಹೇಳುವವರ ಮಾತಿನಲ್ಲಿ ಸತ್ಯವಿದೆ, ಅದನ್ನು ನಿರಾಕರಿಸುವುದು ಪೂರ್ವಗ್ರಹವಾದೀತು.

ಆದರೆ ಆ ಸತ್ಯ ಅರ್ಧದ್ದು. ರೆಕ್ಕೆ ಮಡಚಿಕೊಳ್ಳದಂತೆ ಕಾಯುವ ಶಕ್ತಿ ಹೆಚ್ಚಿದೆಯೆಂಬುದು ನಿಜವಾದರೂ, ಒಮ್ಮೆ ಮಡಚಿಕೊಂಡಿತೆಂದರೆ ಅದನ್ನು ಮೊದಲಿನ ಸ್ಥಿತಿಗೆ ತರುವ ಕೌಶಲ ಬೇರೆಯೇ ಆದುದು. ಕಡ್ಡಿಗಳಿಂದ ಬಿಗಿಯಾದ, ಉದ್ದವಾಗಿ ಕಿರಿದಾದ ರೆಕ್ಕೆಯ ತುದಿ ತನ್ನ ದಾರಗಳಲ್ಲಿಯೇ ಸಿಕ್ಕಿಹಾಕಿಕೊಂಡರೆ ಅದನ್ನು ಬಿಡಿಸುವಷ್ಟರಲ್ಲಿ ರೆಕ್ಕೆ ಗಿರಗಿರನೆ ತಿರುಗತೊಡಗುತ್ತದೆ. ಆಗ ಬೇಕಾದುದು ರೆಕ್ಕೆಯ ಹಾರಾಟವನ್ನೇ ಒಮ್ಮೆ ನಿಲ್ಲಿಸಿ, ಎಂದರೆ ಸ್ಟಾಲ್ ಮಾಡಿ, ಮತ್ತೆ ಹಾರಿಸುವ ನಿಶ್ಚಯ, ಇಲ್ಲವೇ ತಡಮಾಡದೆ ರಿಸರ್ವ್ ಪ್ಯಾರಾಚೂಟನ್ನು ಎಸೆಯುವ ವಿವೇಕ. ಬೇಗನೆ ಇಳಿಯಬೇಕಾದಾಗ ಮೂರು ಸಾಲಿನವನಿಗೆ ಒದಗುವ ಕೆಲವು ಸರಳ ಉಪಾಯಗಳೂ ಇಲ್ಲಿ ಇಲ್ಲ: ‘ಬಿ’ ಸಾಲನ್ನು ಎಳೆದು ನೇರವಾಗಿ ಇಳಿಯುವ ವಿಧಾನ ಇದಕ್ಕೆ ಸಲ್ಲದು, ರೆಕ್ಕೆಯ ತುದಿಗಳನ್ನು ಮಡಚುವುದಕ್ಕೂ ಬೇರೆ ಕ್ರಮವನ್ನೇ ಕಲಿಯಬೇಕು. ಮುಂಗಾರಿನ ಮುನ್ನಾ ತಿಂಗಳುಗಳಲ್ಲಿ ಮಧ್ಯಾಹ್ನದೊಳಗೆ ಬೆಳ್ಮುಗಿಲು ಕಾರ್ಮುಗಿಲಾಗಿ ಬೆಳೆದು ತನ್ನ ಕೆಳಗಿನವರನ್ನೆಲ್ಲ ಹೀರಿಕೊಳ್ಳುವ ನಮ್ಮ ದೇಶದಲ್ಲಿ, ಇಳಿಯುವ ವಿದ್ಯೆ ಏರುವ ವಿದ್ಯೆಗಿಂತ ಮಿಗಿಲಾದುದೆಂದೇ ತಿಳಿಯಬೇಕು.

ಪರೀಕ್ಷೆಯ ದರ್ಜೆಯ ಬಗೆಗೂ ಒಂದು ಮಾತು ಇಲ್ಲಿಯೇ ಸಲ್ಲುತ್ತದೆ. ‘ಎ’ಯಿಂದ ‘ಡಿ’ಯವರೆಗಿನ ಅಕ್ಷರಗಳು, ನುರಿತ ಪರೀಕ್ಷಕ ಪೈಲಟನೊಬ್ಬನು ಶಾಂತವಾದ ಗಾಳಿಯಲ್ಲಿ, ನೀರಿನ ಮೇಲೆ, ರೆಕ್ಕೆಯನ್ನು ಬೇಕೆಂದೇ ಮಡಚಿ, ಅದು ತಾನಾಗಿ ಚೇತರಿಸಿಕೊಳ್ಳುವ ಬಗೆಯನ್ನು ಅಳೆದು ಕೊಟ್ಟ ತೀರ್ಪು. ಎರಡು ಸಾಲಿನ ರೆಕ್ಕೆ ಹಾಗೆ ಸುಲಭವಾಗಿ ಮಡಚಿಕೊಳ್ಳದಾದುದರಿಂದ ಪರೀಕ್ಷೆಗೆಂದೇ ಹೆಚ್ಚಿನ ಮಡಿಕೆ ದಾರಗಳನ್ನು ಕಟ್ಟಬೇಕಾಗುತ್ತದೆ; ಇಂತಹ ದಾರ ಬಳಸಿದ ರೆಕ್ಕೆಯನ್ನು ಹಿಂದೆ ‘ಡಿ’ಗೆ ಸೇರಿಸುತ್ತಿದ್ದರು, ಆ ಕಟ್ಟು ಸಡಿಲಿದ ಮೇಲೆಯೇ ‘ಸಿ’ ದರ್ಜೆಯ ಬಾಗಿಲು ತೆರೆದುದು. ನಡುಹಗಲಿನ ದಖನ್ನಿನ ಕುದಿಗಾಳಿಯಲ್ಲಿ, ದಣಿದ ಕೈಗಳಿಗೆ, ಅದೇ ರೆಕ್ಕೆ ಅದೇ ರೀತಿ ವರ್ತಿಸುವುದೆಂಬ ಭರವಸೆ ಯಾವ ಅಕ್ಷರದಲ್ಲಿಯೂ ಇಲ್ಲ. ‘ಸಿ’ ಎಂಬ ಮುದ್ರೆಯನ್ನು ನೋಡಿ ‘ಬಿ’ ದರ್ಜೆಯಿಂದ ನೇರವಾಗಿ ಎರಡು ಸಾಲಿಗೆ ನೆಗೆಯುವ ಆತುರ ಈಗ ಎಲ್ಲೆಡೆಯೂ ಕಾಣಬರುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ಹಗುರತನ. ಸಾಮಾನ್ಯ ರೆಕ್ಕೆಯ ಬಟ್ಟೆ ಚದರ ಮೀಟರಿಗೆ 38 ಗ್ರಾಂ ಅಥವಾ 32 ಗ್ರಾಂ ತೂಗುವ, ಗಾಳಿ ನುಸುಳದಂತೆ ಲೇಪನ ಹಚ್ಚಿದ ನೈಲಾನ್. ಹಗುರ ರೆಕ್ಕೆಯಲ್ಲಿ ಅದು 27 ಗ್ರಾಂಗೆ ಇಳಿಯುತ್ತದೆ. ಮೇಲ್ಮೈ, ಕೆಳಮೈ, ನಡುವಣ ಪಕ್ಕೆಗಳು ಎಲ್ಲ ಸೇರಿ ಒಂದು ರೆಕ್ಕೆಗೆ ಅರುವತ್ತು ಎಪ್ಪತ್ತು ಚದರ ಮೀಟರ್ ಬಟ್ಟೆ ಹಿಡಿಯುವುದರಿಂದ ಉಳಿತಾಯ ಮುಕ್ಕಾಲು ಕಿಲೋವಿನ ಹತ್ತಿರ ಬರುತ್ತದೆ. ರೈಸರಿನ ಅಗಲವಾದ ಪಟ್ಟಿಯ ಬದಲಿಗೆ ತೆಳುವಾದ ಹುರಿ, ಲೋಹದ ಕೊಂಡಿಯ ಬದಲಿಗೆ ಹೆಣೆದ ಕುಣಿಕೆ, ಹೀಗೆ ಗ್ರಾಂ ಗ್ರಾಂ ಕಳೆದು ಐದೂವರೆ ಕಿಲೋ ತೂಗುತ್ತಿದ್ದ ರೆಕ್ಕೆ ಮೂರೂವರೆ ನಾಲ್ಕು ಕಿಲೋವಿಗೆ ಬಂದು ನಿಲ್ಲುತ್ತದೆ. ಪೈಲಟನು ಕುಳಿತುಕೊಳ್ಳುವ ಹಾರ್ನೆಸ್, ರಿಸರ್ವ್, ಚೀಲ ಮುಂತಾದುವನ್ನೂ ಇದೇ ಕ್ರಮದಲ್ಲಿ ಆರಿಸಿಕೊಂಡರೆ ಹದಿನೆಂಟು ಇಪ್ಪತ್ತು ಕಿಲೋವಿನ ಗಂಟು ಎಂಟು ಹತ್ತು ಕಿಲೋವಾಗುತ್ತದೆ. ಆಲ್ಪ್ಸ್ ಪರ್ವತಗಳನ್ನು ನಡೆದೋ ಹಾರಿಯೋ ಮಾತ್ರ ದಾಟಬೇಕೆಂಬ ನಿಯಮದ ರೆಡ್ ಬುಲ್ ಎಕ್ಸ್-ಆಲ್ಪ್ಸ್ ಸ್ಪರ್ಧೆ 2003ರಲ್ಲಿ ಆರಂಭವಾದುದು ಈ ಹಗುರತನದ ಶೋಧಕ್ಕೆ ಬಲವಾದ ಪ್ರೇರಣೆಯಾಯಿತು. 2009ರಿಂದ 2023ರವರೆಗೆ ನಡೆದ ಎಂಟು ಸ್ಪರ್ಧೆಗಳನ್ನೂ ಗೆದ್ದ ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯನ್ ಮೌರರ್ ನಡಿಗೆಯೂ ಹಾರಾಟವೂ ಒಂದೇ ವಿದ್ಯೆಯ ಎರಡು ಅಂಗಗಳೆಂಬುದನ್ನು ತೋರಿಸಿಕೊಟ್ಟನು. ಗಾಳಿಯಲ್ಲಿಯೂ ಹಗುರತನಕ್ಕೊಂದು ಪ್ರಯೋಜನವಿದೆ: ತೆಳುಬಟ್ಟೆಯ ರೆಕ್ಕೆ ನೆಲದಿಂದ ಬೇಗನೆ ಮೇಲೇಳುತ್ತದೆ, ಮಡಚಿಕೊಂಡರೂ ತನ್ನ ಜಡತ್ವ ಕಡಿಮೆಯಾದುದರಿಂದ ಮುಂದಕ್ಕೆ ನುಗ್ಗುವ ರಭಸ ಕಡಿಮೆ.

ಆಲ್ಪ್ಸಿನ ವೀರರಿಗಿಂತ ನನಗೆ ಹೆಚ್ಚು ಮುಖ್ಯನಾಗಿ ಕಾಣುವವನು ಪುರಸೈವಾಕ್ಕಂನಂತಹ ಬಡಾವಣೆಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದು, ಶನಿವಾರ ಭಾನುವಾರಗಳ ಬಿಡುವಿನಲ್ಲಿ ಹಾರಬಯಸುವ ತರುಣ ಅಥವಾ ತರುಣಿ. ಚೆನ್ನೈ ನಗರದ ಮೇಲೆ ಹಾರುವ ಮಾತೇ ಇಲ್ಲ. ಮೀನಂಬಾಕ್ಕಂ ವಿಮಾನ ನಿಲ್ದಾಣದ ನಿಯಂತ್ರಿತ ಆಕಾಶ ಒಂದು ಕಡೆ, ಬೇಸಗೆಯ ನಡುಹಗಲಿಗೆ ಬಂಗಾಳ ಕೊಲ್ಲಿಯಿಂದ ಒಳಬಂದು ಏರುಗಾಳಿಯನ್ನೆಲ್ಲ ತಣಿಸಿಬಿಡುವ ಕಡಲಗಾಳಿ ಮತ್ತೊಂದು ಕಡೆ. ಆದುದರಿಂದ ಅವರು ರೈಲಿನಲ್ಲಿ ಕಾಟ್ಪಾಡಿ ದಾಟಿ ಇನ್ನೂರು ಕಿಲೋಮೀಟರಿಗೂ ಆಚೆಯ ಜೋಲಾರಪೇಟೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ, ತಮಿಳು ಕವಿಗಳ ಹೆಸರು ಹೊತ್ತ ತಿರುವುಗಳುಳ್ಳ ಘಟ್ಟವನ್ನೇರಿ, ಸಾವಿರ ಮೀಟರಿಗೂ ಮಿಗಿಲಾದ ಎತ್ತರದ ಏಲಗಿರಿಯನ್ನು ಸೇರಬೇಕು. ಬೆಂಗಳೂರಿನ ಕನ್ನಡಿಗ ಪೈಲಟನಿಗೂ ಇದು ದೂರವಲ್ಲ. ಎರಡು ನಗರಗಳ ನಡುವಣ ಆ ಗುಡ್ಡ ಇಬ್ಬರಿಗೂ ಸಮಾನವಾದುದು. ದಿನ ಒಳ್ಳೆಯದಾಗಿ, ಕಾವಲೂರಿನ ದೂರದರ್ಶಕ ಕೇಂದ್ರಕ್ಕೆ ನೆಲೆಯಾದ ಜವಾದಿ ಬೆಟ್ಟಗಳ ಕಡೆಗೋ ಕೃಷ್ಣಗಿರಿಯ ಬಂಡೆಗುಡ್ಡಗಳ ಕಡೆಗೋ ಸಾಗಿ ಯಾವುದೋ ಕಡಲೆಕಾಯಿ ಹೊಲದಲ್ಲಿ ಇಳಿದರೆಂದುಕೊಳ್ಳೋಣ. ಯುರೋಪಿನವನನ್ನು ಕರೆದೊಯ್ಯಲು ಕಾರು ಬಂದೀತು; ಇವರಿಗೆ ಇರುವುದು ಎತ್ತಿನ ಗಾಡಿಯ ದಾರಿ, ಊರ ಬಾವಿಯ ನೀರು, ಹಳ್ಳಿಯ ಬಸ್ಸು, ನಿಲ್ಲಲೂ ಸ್ಥಳವಿಲ್ಲದ ಪ್ಯಾಸೆಂಜರ್ ರೈಲು. ಇಪ್ಪತ್ತು ಕಿಲೋವಿನ ಮೂಟೆಯನ್ನು ಹೊತ್ತು ಇದೆಲ್ಲವನ್ನೂ ದಾಟಬೇಕಾದವನು ನಾಲ್ಕಾರು ಬಾರಿ ಹೋದ ಮೇಲೆ ದೂರಪಯಣದ ಆಸೆಯನ್ನೇ ಬಿಟ್ಟಾನು. ಹಗುರ ರೆಕ್ಕೆ ಧನಿಕರ ಶೋಕಿಯೆಂದು ಬಗೆಯುವವರು ಈ ದಾರಿಯನ್ನು ನೆನೆಯಬೇಕು. ಕಾರಿಲ್ಲದವನಿಗೆ ಅದು ಸ್ವಾತಂತ್ರ್ಯ.

ಇಷ್ಟಾದರೂ ಅತಿ ಹಗುರವಾದುದನ್ನು ನಮ್ಮ ಬಯಲಿನ ಪೈಲಟನು ಕಣ್ಣುಮುಚ್ಚಿ ಕೊಳ್ಳಬಾರದೆಂದೇ ನನ್ನ ತೀರ್ಮಾನ. 27 ಗ್ರಾಂನ ಬಟ್ಟೆ ಹುಲ್ಲುಹಾಸಿನ ಆಲ್ಪ್ಸ್ ಇಳಿಜಾರಿಗೆ ಹೊಂದಿಕೊಂಡು ಹುಟ್ಟಿದುದು. ನಮ್ಮಲ್ಲಿ ರೆಕ್ಕೆಯನ್ನು ಹರಡುವುದು ಮುರಕಲ್ಲಿನ ಮೇಲೆ, ಲಂಟಾನದ ಪೊದೆಯ ಅಂಚಿನಲ್ಲಿ; ಇಳಿಯುವುದು ಜಾಲಿಮುಳ್ಳು ಉದುರಿದ ಬೀಳುಭೂಮಿಯಲ್ಲಿ. ಕೋಶಗಳ ಮೂಲೆಗಳಲ್ಲಿ ಸೇರಿದ ಧೂಳು ಉಜ್ಜಿ ಉಜ್ಜಿ ಲೇಪನವನ್ನು ಸವೆಯಿಸುತ್ತದೆ. ನಮ್ಮ ಬಿಸಿಲಿನ ನೇರಳಾತೀತ ಕಿರಣ ನೈಲಾನಿನ ಬಲವನ್ನು ಕುಗ್ಗಿಸುತ್ತದೆ. ಕಡಲತೀರದ ಉಪ್ಪು ತೇವ ಮಡಿಕೆಯೊಳಗೆ ಕುಳಿತು ಬೂಷ್ಟು ಹಿಡಿಸುತ್ತದೆ. ಅರಾಮಿಡ್ ದಾರ ಬಿಸಿಲಿಗೂ ಮತ್ತೆ ಮತ್ತೆ ಬಗ್ಗಿಸುವುದಕ್ಕೂ ಸೋಲುತ್ತದೆ. ಡೈನೀಮಾ ದಾರ ಕಾಲಕ್ರಮದಲ್ಲಿ ಕುಗ್ಗುತ್ತದೆ. ಇರುವುದು ಎರಡೇ ಸಾಲುಗಳಾದುದರಿಂದ, ಅವೆರಡರ ನಡುವೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸವಾದರೂ ರೆಕ್ಕೆಯ ವೇಗವೂ ಸ್ವಭಾವವೂ ಬದಲಾಗುತ್ತವೆ. ಮೂರು ಸಾಲಿನಲ್ಲಿ ಹಂಚಿಹೋಗುತ್ತಿದ್ದ ದೋಷ ಇಲ್ಲಿ ನೇರವಾಗಿ ತಲೆಯೆತ್ತುತ್ತದೆ. ಆದಕಾರಣ ಏಲಗಿರಿ, ನಂದಿ, ಪುಣೆಯ ಸಮೀಪದ ಕಾಮ್‌ಶೇತ್ ಮುಂತಾದೆಡೆಗಳಲ್ಲಿ ಹಾರುವವನಿಗೆ, ಮುಂದಂಚಿಗೂ ಮೇಲ್ಮೈಗೂ ದಪ್ಪ ಬಟ್ಟೆಯನ್ನು ಉಳಿಸಿಕೊಂಡು ಒಳಪಕ್ಕೆಗಳನ್ನು ಮಾತ್ರ ಹಗುರ ಮಾಡಿದ ಅರೆಹಗುರ ರೆಕ್ಕೆಯೇ ಯುಕ್ತವಾದುದು. ಉಳಿಸಬೇಕಾದ ತೂಕವನ್ನು ಅವನು ಹಾರ್ನೆಸ್ಸಿನಲ್ಲಿಯೂ ಚೀಲದಲ್ಲಿಯೂ ಉಳಿಸಲಿ. ಹಿಮಾಚಲದ ಬೀರ್-ಬಿಲ್ಲಿಂಗಿನಿಂದ ಹೊರಟು ಧೌಲಾಧಾರ್ ಶ್ರೇಣಿಯ ಗುಂಟ ಸಾಗಿ, ರಾತ್ರಿ ಬೆಟ್ಟದ ಮೇಲೆಯೇ ತಂಗಿ, ಮರುದಿನ ಅಲ್ಲಿಂದಲೇ ಹಾರುವ ಯಾತ್ರಿಕನ ಮಾತು ಬೇರೆ. ಅಲ್ಲಿಯ ಹುಲ್ಲುಗಾವಲಿಗೆ ಅತಿ ಹಗುರ ರೆಕ್ಕೆ ಸಲ್ಲುತ್ತದೆ, ಅನ್ನವನ್ನೂ ಹಾಸಿಗೆಯನ್ನೂ ತಾನೇ ಹೊರಬೇಕಾದ ಅವನಿಗೆ ಅದು ಅನಿವಾರ್ಯವೂ ಹೌದು.

ರೆಕ್ಕೆಯ ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣವನ್ನು ಕುರಿತೂ ಇದೇ ವಿವೇಕ ಬೇಕು. ಈ ಪ್ರಮಾಣದ ಪಾಠವನ್ನು ಹಕ್ಕಿಗಳಿಂದಲೇ ಕಲಿಯಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದು ಬಾಹ್ಯಾಕಾಶ ಸಂಶೋಧನೆಯ ಸಾರಥ್ಯವನ್ನೂ ವಹಿಸಿದ ಸತೀಶ್ ಧವನರು ಹಕ್ಕಿಯ ಹಾರಾಟವನ್ನು ಕುರಿತೇ ಒಂದು ಗ್ರಂಥ ರಚಿಸಿದ್ದಾರೆ. ರಾಕೆಟ್ಟನ್ನು ಬಲ್ಲವರೂ ರೆಕ್ಕೆಯ ಮುಂದೆ ಶಿಷ್ಯರಾಗಿ ಕುಳಿತರೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಸಾಗರದ ಮೇಲೆ ದಿನಗಟ್ಟಲೆ ಜಾರುವ ಆಲ್ಬಟ್ರಾಸ್ ಹಕ್ಕಿಗೆ ಉದ್ದನೆಯ ಕಿರಿದು ರೆಕ್ಕೆ. ಊರ ಮೇಲಣ ಇಕ್ಕಟ್ಟಾದ ಏರುಗಾಳಿಯಲ್ಲಿ ಬಿಗಿಯಾಗಿ ಸುತ್ತಬೇಕಾದ ಹದ್ದಿಗೆ ಅಗಲವಾದ, ತುದಿಯ ಗರಿಗಳನ್ನು ಬೆರಳಂತೆ ಬಿಡಿಸಿದ ಗಿಡ್ಡ ರೆಕ್ಕೆ. ಎರಡು ಸಾಲಿನ ರೆಕ್ಕೆಗಳ ಪ್ರಮಾಣ ಆರೂವರೆ ಏಳನ್ನು ದಾಟಿ ಸ್ಪರ್ಧಾವರ್ಗದಲ್ಲಿ ಎಂಟರ ಸಮೀಪಕ್ಕೆ ಹೋಗುತ್ತಿರುವಾಗ, ‘ಸಿ’ ದರ್ಜೆಯ ಹೊಸ ರೆಕ್ಕೆಗಳು ಆರರ ಆಸುಪಾಸಿನಲ್ಲಿ ನಿಂತು ಎರಡೇ ಸಾಲಿನ ಲಾಭವನ್ನು ಕೊಡುತ್ತಿರುವುದು ಅತ್ಯಂತ ಸ್ವಾಗತಾರ್ಹ. ಈ ಮಧ್ಯಮ ಮಾರ್ಗವೇ ನಮ್ಮ ಪೈಲಟರಿಗೆ ಹೊಂದುವಂತಹುದು.

ಆದರೆ ಯಾವ ರೆಕ್ಕೆಯಾದರೂ ಶಿಕ್ಷಣಕ್ಕೆ ಬದಲಿಯಲ್ಲ. ಬೀರ್-ಬಿಲ್ಲಿಂಗ್ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ಪಿನ ಸುತ್ತಿಗೆ ಆತಿಥ್ಯ ನೀಡಿದೆ. ಜಗತ್ತಿನ ಮೂಲೆಮೂಲೆಗಳಿಂದ ಪೈಲಟರು ಅಕ್ಟೋಬರ್ ನವೆಂಬರುಗಳಲ್ಲಿ ಅಲ್ಲಿಗೆ ಬರುತ್ತಾರೆ. ಅದೇ ಬೆಟ್ಟಗಳಲ್ಲಿ ಅಪಘಾತದ ವಾರ್ತೆಗಳೂ ಮರುಕಳಿಸುತ್ತಿವೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ವಾಯುಕ್ರೀಡಾ ನೀತಿ ಶಿಕ್ಷಕರಿಗೂ ಸಾಧನಗಳಿಗೂ ಸ್ಥಳಗಳಿಗೂ ಮಟ್ಟವನ್ನು ಗೊತ್ತುಮಾಡುವ ವ್ಯವಸ್ಥೆಯನ್ನು ಕಲ್ಪಿಸಿದೆ. ಅದು ಕಾಗದದಿಂದ ಗುಡ್ಡದ ತಲೆಗೆ ಏರಬೇಕಾದುದೇ ಈಗ ಆಗಬೇಕಾದ ಕೆಲಸ. ಸುರಕ್ಷಾಜಾಕೆಟ್ ತೊಟ್ಟು, ದೋಣಿಯ ಕಾವಲಿನಲ್ಲಿ, ಸರೋವರದ ಮೇಲೆ ರೆಕ್ಕೆಯನ್ನು ಬೇಕೆಂದೇ ಮಡಚಿ, ಸ್ಟಾಲ್ ಮಾಡಿ, ಮತ್ತೆ ಹಾರಿಸುವ ಅಭ್ಯಾಸ ಯುರೋಪಿನಲ್ಲಿ ದರ್ಜೆ ಏರುವ ಪೈಲಟನ ಸಹಜ ಕ್ರಮವಾಗಿದೆ. ಕೆರೆಕಟ್ಟೆಗಳಿಗೂ ಜಲಾಶಯಗಳಿಗೂ ಕೊರತೆಯಿಲ್ಲದ ದಕ್ಷಿಣದಲ್ಲಿ ಇಂತಹ ಶಿಕ್ಷಣ ನೆಲೆಗೊಂಡರೆ, ಅದರಿಂದಾಗುವ ಉಪಕಾರ ಹತ್ತು ಹೊಸ ಮಾದರಿಯ ರೆಕ್ಕೆಗಳಿಂದ ಆಗುವುದಕ್ಕಿಂತ ಹೆಚ್ಚಾದುದು. ಸ್ಟಾಲ್ ಮಾಡಿ ರೆಕ್ಕೆಯನ್ನು ಮತ್ತೆ ಹಾರುವ ಸ್ಥಿತಿಗೆ ತರುವುದನ್ನು ತಾನೇ ಅಭ್ಯಾಸಮಾಡದವನು ಎರಡು ಸಾಲಿನ ರೆಕ್ಕೆಯನ್ನು ಮುಟ್ಟಬಾರದೆಂಬ ನಿಯಮವನ್ನು ನಮ್ಮ ಕ್ಲಬ್ಬುಗಳು ತಾವಾಗಿ ವಿಧಿಸಿಕೊಳ್ಳಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ.

ಕೊನೆಗೆ ಕೊಳ್ಳುವ ಮಾತು. ಹೊಸ ರೆಕ್ಕೆಯ ಬೆಲೆ ಹಲವು ಸಾವಿರ ಯೂರೋ, ಎಂದರೆ ಹಲವು ಲಕ್ಷ ರೂಪಾಯಿ. ಅದರಿಂದ ನಮ್ಮಲ್ಲಿಯ ಬಹುಪಾಲು ಪೈಲಟರು ಮೊರೆಹೋಗುವುದು ಬೀರಿಗೆ ಬಂದ ಪರದೇಶದವರು ಮಾರಿಹೋಗುವ ಬಳಸಿದ ರೆಕ್ಕೆಗಳಿಗೆ. ಮೂರು ಸಾಲಿನ ಸಾಮಾನ್ಯ ರೆಕ್ಕೆಯನ್ನು ಹೀಗೆ ಕೊಳ್ಳುವುದರಲ್ಲಿ ಅಷ್ಟು ದೊಡ್ಡ ಅಪಾಯವಿಲ್ಲ. ಎರಡು ಸಾಲಿನ ಹಗುರ ರೆಕ್ಕೆಯನ್ನಾದರೋ ಹಾರಾಟದ ಗಂಟೆಗಳ ಲೆಕ್ಕ, ಬಟ್ಟೆಯ ಗಾಳಿತಡೆಯ ಅಳತೆ, ಪ್ರತಿಯೊಂದು ದಾರದ ಉದ್ದವನ್ನು ತಯಾರಕನ ಪಟ್ಟಿಯೊಡನೆ ಹೋಲಿಸಿದ ವರದಿ, ಈ ಮೂರೂ ಕೈಗೆ ಬಾರದೆ ಕೊಳ್ಳಬಾರದು. ದಾರಗಳನ್ನು ಐವತ್ತರಿಂದ ನೂರು ಗಂಟೆಗಳ ಹಾರಾಟಕ್ಕೊಮ್ಮೆ ಅಳೆಯಿಸಿ, ಕುಗ್ಗಿದುದನ್ನು ಸರಿಪಡಿಸಿ, ಸವೆದುದನ್ನು ಬದಲಿಸಬೇಕು. ಆ ವೆಚ್ಚವನ್ನೂ ಬೆಲೆಯೊಳಗೇ ಎಣಿಸಿಕೊಳ್ಳಬೇಕು. ಮನೆಗೆ ತಂದ ಮೇಲೆ ರೆಕ್ಕೆಯನ್ನು ಚೀಲದಲ್ಲಿ ತುರುಕಿ ಮಂಚದಡಿಗೆ ತಳ್ಳದೆ, ಮುಂದಂಚಿನ ಕಡ್ಡಿಗಳು ಬಾಗದಂತೆ ಕೋಶದ ಮೇಲೆ ಕೋಶ ಬರುವ ಹಾಗೆ ಮಡಚಿ, ಕಡಲತೇವ ತಾಗದ ನೆರಳಿನ ಕೋಣೆಯಲ್ಲಿ ಸಡಿಲವಾಗಿ ಇಡಬೇಕು. ಮಳೆಗೋ ಇಬ್ಬನಿಗೋ ನೆನೆದಿದ್ದರೆ ಬಿಸಿಲಿಗೆ ಹಾಕದೆ ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಮಡಚಬೇಕು.